ಜಠರ ಕ್ಯಾನ್ಸರ್ ಸಂಶೋಧನೆಗೆ ಎರಡು ಲಕ್ಷ: ನಾನು ಖರ್ಚು ಮಾಡಿದ ಬಗೆ

ಎರಡು ಲಕ್ಷ ರೂಪಾಯಿಯ ಸೀಡ್ ಗ್ರಾಂಟ್‌ನಲ್ಲಿ (ಸಂಶೋಧನೆ ಶುರುಮಾಡಲು ಕೊಡುವ ಸಣ್ಣ ಅನುದಾನ) ಜಠರ ಕ್ಯಾನ್ಸರ್‌ಗೆ ಹೊಸ ಔಷಧ ಸಿಗುವುದಿಲ್ಲ. ಆದರೆ ಈಗ ಕೊಡುತ್ತಿರುವ ಔಷಧ ಯಾರಿಗೆ ನಾಟುವುದಿಲ್ಲ ಎಂಬುದರ ಜಾಡು ಹಿಡಿಯಬಹುದು. ನಾನು ಉತ್ತರ ಕರ್ನಾಟಕದ ಒಂದು ವೈದ್ಯಕೀಯ ಕಾಲೇಜಿನಲ್ಲಿ ಪೆಥಾಲಜಿಸ್ಟ್, ಅಂದರೆ ಅಂಗಾಂಶ ಪರೀಕ್ಷಿಸಿ ರೋಗ ಗುರುತಿಸುವವ. ನಮ್ಮ ಕಡೆ ಹೊಟ್ಟೆನೋವೆಂದರೆ ಮೊದಲು ‘ಗ್ಯಾಸ್ಟ್ರಿಕ್’ ಮಾತ್ರೆ, ಎಂಡೋಸ್ಕೋಪಿ ಆಮೇಲೆ. ಹಾಗಾಗಿ ಆಪರೇಷನ್ ಮಾಡಬಹುದಾದ ಹಂತದಲ್ಲಿ ಬರುವವರೇ ಕಡಿಮೆ. ಬಂದವರಿಗಾದರೂ ಸರಿಯಾದ ಚಿಕಿತ್ಸೆ ಸಿಗಬೇಕಲ್ಲ!

ಇಂಥವರಿಗೆ ಆಪರೇಷನ್‌ಗೆ ಮುಂಚೆ ಮತ್ತು ನಂತರ ಕೀಮೋ ಕೊಡುವ ಪದ್ಧತಿಗೆ ಬಲ ಬಂದದ್ದು 2006ರ ಬ್ರಿಟನ್ನಿನ ‘ಮ್ಯಾಜಿಕ್’ ಎಂಬ ಟ್ರಯಲ್‌ನಿಂದ (ರೋಗಿಗಳ ಮೇಲಿನ ಚಿಕಿತ್ಸಾ ಪ್ರಯೋಗ). ಅದೇ ಟ್ರಯಲ್‌ನ ಗಡ್ಡೆಗಳನ್ನು ಮತ್ತೆ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದಾಗ ಬೇರೆಯದೇ ಚಿತ್ರ ಕಂಡಿತು. ಡಿಎನ್‌ಎ ತಪ್ಪು ತಿದ್ದುವ ಎಂಎಂಆರ್ ವ್ಯವಸ್ಥೆ ಕೆಟ್ಟಿದ್ದ ಗಡ್ಡೆಗಳಿಗೆ ಕೀಮೋದಿಂದ ಲಾಭವಾದಂತೆ ತೋರಲಿಲ್ಲ. 2022ರಲ್ಲಿ ಫ್ರಾನ್ಸ್‌ನವರು ಇದೇ ಬಗೆಯ ರೋಗಿಗಳಿಗೆ ಆಪರೇಷನ್‌ಗೆ ಮುಂಚೆ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಔಷಧ) ಕೊಟ್ಟರು. ಆಪರೇಷನ್ ಆದ 29 ಜನರಲ್ಲಿ 17 ಜನರ ಗಡ್ಡೆಯಲ್ಲಿ ಜೀವಂತ ಕ್ಯಾನ್ಸರ್ ಕೋಶವೇ ಉಳಿದಿರಲಿಲ್ಲ. ನಮ್ಮ ರೋಗಿಗಳಲ್ಲಿ ಈ ಬಗೆಯವರು ಎಷ್ಟು ಮಂದಿ? ಅರ್ಜಿಯಲ್ಲಿ ಇದೊಂದೇ ಪ್ರಶ್ನೆ ಇಟ್ಟೆ. ಸಾಮಗ್ರಿ ನಮ್ಮ ಸ್ಟೋರ್ ರೂಮಿನಲ್ಲೇ ಇತ್ತು: ವರ್ಷಗಳಿಂದ ಕೂಡಿಟ್ಟ ಪ್ಯಾರಾಫಿನ್ ಬ್ಲಾಕ್‌ಗಳು, ಅಂದರೆ ಮೇಣದಲ್ಲಿ ಹುದುಗಿಸಿಟ್ಟ ರೋಗಿಗಳ ಅಂಗಾಂಶ.

‘ಇದರಿಂದ ಚಿಕಿತ್ಸೆಗೇನು ಉಪಯೋಗ?’ ಎಂದು ಸಮಿತಿ ಕೇಳಿತು. ದೊಡ್ಡ ಟ್ರಯಲ್‌ಗೆ ಎಷ್ಟು ರೋಗಿಗಳು ಬೇಕೆಂದು ಲೆಕ್ಕ ಹಾಕಲು ಮೊದಲು ಈ ಪ್ರಮಾಣ ಗೊತ್ತಿರಬೇಕು ಎಂದೆ. ಅದಕ್ಕಿಂತ ದೊಡ್ಡ ಭರವಸೆ ಕೊಡಲಿಲ್ಲ. ಸೀಡ್ ಗ್ರಾಂಟ್‌ನಲ್ಲಿ ಲ್ಯಾಪ್‌ಟಾಪು, ಪ್ರಿಂಟರು ಬರೆಯುವುದು ನಮ್ಮಲ್ಲಿ ವಾಡಿಕೆ, ನನಗೆ ಸರಿಬರುವುದಿಲ್ಲ. ಹೆಚ್ಚುಕಡಿಮೆ ಪೂರ್ತಿ ಹಣವನ್ನು ಆಂಟಿಬಾಡಿ ಮತ್ತು ಸ್ಲೈಡ್‌ಗಳಿಗೇ ಬರೆದೆ.

ಎಂಎಂಆರ್ ಪರೀಕ್ಷೆಯಲ್ಲಿ ಆ ವ್ಯವಸ್ಥೆಯ ನಾಲ್ಕು ಪ್ರೋಟೀನ್‌ಗಳನ್ನು ನೋಡಲು ನಾಲ್ಕು ಆಂಟಿಬಾಡಿ (ಒಂದೊಂದು ಪ್ರೋಟೀನ್‌ಗೆ ಅಂಟಿ ಅದನ್ನು ಬಣ್ಣದಲ್ಲಿ ತೋರಿಸುವ ದ್ರವ) ಬೇಕು. ಆದರೆ ಈ ಪ್ರೋಟೀನ್‌ಗಳು ಜೋಡಿಯಾಗಿ ಇರುತ್ತವೆ: ಎಂಎಲ್‌ಎಚ್1 ಹೋದರೆ ಪಿಎಂಎಸ್2 ಕೂಡ ಹೋಗುತ್ತದೆ, ಎಂಎಸ್‌ಎಚ್2 ಹೋದರೆ ಎಂಎಸ್‌ಎಚ್6. ಹಾಗಾಗಿ ಮೊದಲು ಪಿಎಂಎಸ್2 ಮತ್ತು ಎಂಎಸ್‌ಎಚ್6 ಮಾತ್ರ ಹಾಕಿ, ಒಂದು ಕಾಣೆಯಾದರಷ್ಟೇ ಅದರ ಜೋಡಿಯನ್ನು ನೋಡಿದೆವು. ಆಂಟಿಬಾಡಿ ಖರ್ಚು ಅರ್ಧದ ಹತ್ತಿರಕ್ಕೆ ಇಳಿಯಿತು. ಹಲವು ರೋಗಿಗಳ ಸಣ್ಣ ಚೂರುಗಳನ್ನು ಒಂದೇ ಬ್ಲಾಕ್‌ನಲ್ಲಿ ಸೇರಿಸಿ ಇನ್ನೂ ಉಳಿಸಬಹುದಿತ್ತು. ಆದರೆ ಜಠರ ಕ್ಯಾನ್ಸರ್‌ನ ‘ಡಿಫ್ಯೂಸ್’ ಎಂಬ ಬಗೆಯಲ್ಲಿ ಕ್ಯಾನ್ಸರ್ ಕೋಶಗಳು ಚೆಲ್ಲಾಪಿಲ್ಲಿ ಇರುತ್ತವೆ, ಸಣ್ಣ ಚೂರಿಗೆ ಸಿಗದೇ ಹೋಗಬಹುದು. ಹಾಗಾಗಿ ಬ್ಲಾಕ್‌ನಿಂದ ಕತ್ತರಿಸಿದ ಪೂರ್ತಿ ಸೆಕ್ಷನ್ನೇ (ತೆಳು ಪದರ) ಹಾಕಿದೆವು.

ಸ್ಲೈಡ್ ಓದುವಾಗ ನನ್ನ ಕಣ್ಣು ಮೊದಲು ಹೋಗುವುದು ಗಡ್ಡೆಯ ಪಕ್ಕದ ಲಿಂಫೋಸೈಟ್‌ಗಳತ್ತ (ಒಂದು ಬಗೆಯ ಬಿಳಿ ರಕ್ತಕಣ, ಇವುಗಳಲ್ಲಿ ಈ ಪ್ರೋಟೀನ್‌ಗಳು ಇದ್ದೇ ಇರುತ್ತವೆ). ಅವುಗಳ ನ್ಯೂಕ್ಲಿಯಸ್ ಕಂದಾಗಿರಬೇಕು. ಅಲ್ಲೂ ಬಣ್ಣ ಹಿಡಿಯದಿದ್ದರೆ ಗಡ್ಡೆಯಲ್ಲಿ ಪ್ರೋಟೀನ್ ಇಲ್ಲ ಎನ್ನಲು ಬರುವುದಿಲ್ಲ, ಆ ಸ್ಲೈಡ್ ಲೆಕ್ಕಕ್ಕಿಲ್ಲ. ಹಳೆಯ ಬ್ಲಾಕ್‌ಗಳಲ್ಲಿ ಇದು ಮತ್ತೆ ಮತ್ತೆ ಎದುರಾಯಿತು. ಜಠರವನ್ನು ಸೀಳದೆ ಇಡಿಯಾಗಿ ಡಬ್ಬಿಗೆ ಹಾಕಿ ಕಳಿಸಿದರೆ ಅಂಗಾಂಶ ಕೆಡದಂತೆ ಕಾಪಾಡುವ ಫಾರ್ಮಲಿನ್ ಒಳಗೆ ಇಳಿಯುವಷ್ಟರಲ್ಲಿ ಅಂಗಾಂಶ ಕೆಟ್ಟಿರುತ್ತದೆ. ಈಗ ನಮ್ಮ ಥಿಯೇಟರ್‌ನಲ್ಲಿ ಸರ್ಜನ್‌ಗಳು ಅಲ್ಲೇ ಸೀಳಿ, ಬೋರ್ಡಿಗೆ ಪಿನ್ ಹಾಕಿ, ಧಾರಾಳ ಬಫರ್ಡ್ ಫಾರ್ಮಲಿನ್‌ನಲ್ಲಿ ಮುಳುಗಿಸಿ ಕಳಿಸುತ್ತಾರೆ. ಇದಕ್ಕೆ ಗ್ರಾಂಟ್‌ನ ಒಂದು ಪೈಸೆಯೂ ಬೇಕಾಗಲಿಲ್ಲ.

ಹೆಚ್ಚು ಚರ್ಚೆಯಾದದ್ದು ಎಥಿಕ್ಸ್ ಕಮಿಟಿಯಲ್ಲಿ. ರೋಗನಿರ್ಣಯದ ನಂತರ ಉಳಿದ ಅಂಗಾಂಶಕ್ಕೆ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯ ಪ್ರಕಾರ ಒಪ್ಪಿಗೆಪತ್ರದಿಂದ ವಿನಾಯಿತಿ ಕೇಳಬಹುದು. ಹೆಸರು ಪೂರ್ತಿ ಅಳಿಸಿದರೆ ವಿನಾಯಿತಿ ಸಲೀಸು. ಆದರೆ ಈ ಎಂಎಂಆರ್ ದೋಷ ಕೆಲವರಲ್ಲಿ ಲಿಂಚ್ ಸಿಂಡ್ರೋಮ್ ಎಂಬ, ಕ್ಯಾನ್ಸರ್ ಅಪಾಯ ಹೆಚ್ಚಿಸುವ ವಂಶಪಾರಂಪರ್ಯದ ಸ್ಥಿತಿಯಿಂದಲೂ ಬರುತ್ತದೆ; ಆಗ ಅವರ ಮಕ್ಕಳಿಗೆ, ಒಡಹುಟ್ಟಿದವರಿಗೆ ತಿಳಿಸಬೇಡವೇ? ಕೊನೆಗೆ ಹೆಸರಿನ ಬದಲು ಕೋಡ್ ಕೊಟ್ಟು, ಅದರ ಪಟ್ಟಿಯನ್ನು ಅಧ್ಯಯನದಲ್ಲಿಲ್ಲದ ಸಹೋದ್ಯೋಗಿಯ ಬಳಿ ಇಟ್ಟೆವು. ಅನುಮಾನ ಬಂದರೆ ಅವರ ಮೂಲಕ ರೋಗಿಯನ್ನು ಕರೆಸಿ ಕೌನ್ಸೆಲಿಂಗ್ ಮಾಡುವುದೆಂದು ಪ್ರೋಟೋಕಾಲ್‌ನಲ್ಲೇ ಬರೆದೆವು.

ಹಣ ಕೈಗೆ ಬರುವಾಗ ಆರ್ಥಿಕ ವರ್ಷ ಅರ್ಧ ದಾಟಿತ್ತು. ಮಾರ್ಚ್ 31ರೊಳಗೆ ಖರ್ಚು ತೋರಿಸಿ ಯೂಟಿಲೈಸೇಷನ್ ಸರ್ಟಿಫಿಕೇಟ್ ಕೊಡಬೇಕೆಂದು ಎಲ್ಲ ಆಂಟಿಬಾಡಿಯನ್ನು ಒಟ್ಟಿಗೆ ತರಿಸಿದರೆ ಕೆಲಸ ಮುಗಿಯುವ ಮೊದಲೇ ಅವುಗಳ ಅವಧಿ ಮುಗಿಯುತ್ತದೆ. ಪರ್ಚೇಸ್ ಆರ್ಡರ್‌ನಲ್ಲೇ ‘ಕನಿಷ್ಠ ಒಂದು ವರ್ಷ ಎಕ್ಸ್‌ಪೈರಿ ಇರಬೇಕು, ಎರಡು ಕಂತಿನಲ್ಲಿ ಪೂರೈಸಬೇಕು’ ಎಂದು ಬರೆಸಿದೆ. ಅಕೌಂಟ್ಸ್‌ನವರು ಗೊಣಗಿದರು, ಕೊನೆಗೆ ಸಹಿ ಹಾಕಿದರು.

ಈಗ ಆ ಪ್ರಮಾಣವನ್ನು ಆಧಾರವಾಗಿಟ್ಟುಕೊಂಡು ಇನ್ನೆರಡು ಕಾಲೇಜುಗಳ ಜೊತೆ ದೊಡ್ಡ ಅರ್ಜಿ ತಯಾರಿಸುತ್ತಿದ್ದೇವೆ. ಇದರಲ್ಲಿ ಕೆಲವು ಜಠರ ಕ್ಯಾನ್ಸರ್‌ಗಳಲ್ಲಿ ಕಾಣುವ ಎಪ್‌ಸ್ಟೈನ್-ಬಾರ್ ವೈರಸ್‌ನ ಪರೀಕ್ಷೆಯೂ ಇದೆ. ಹಳೆಯ ಬ್ಲಾಕ್‌ಗಳನ್ನು ಮಾತ್ರ ಈ ಬಾರಿ ಸೇರಿಸಿಲ್ಲ.