ಫ್ಲೈಟ್ ಸಿಮ್ಯುಲೇಟರ್ 2020ರಿಂದ 2024ಕ್ಕೆ ಹೋಗುವ ಮುನ್ನ

ಮೊದಲು ನೋಡಬೇಕಾದದ್ದು ಗ್ರಾಫಿಕ್ಸ್ ಕಾರ್ಡ್ ಅಲ್ಲ, ಇಂಟರ್‌ನೆಟ್. ಮೈಕ್ರೋಸಾಫ್ಟ್‌ನ ಈ ವಿಮಾನ ಹಾರಿಸುವ ಆಟದ 2020ರ ಆವೃತ್ತಿ ವಿಮಾನಗಳನ್ನು ಡಿಸ್ಕ್‌ನಲ್ಲೇ ಇಟ್ಟುಕೊಳ್ಳುತ್ತದೆ; 2024 ಬಹುಪಾಲನ್ನು ಆಗಿಂದಾಗಲೇ ಸರ್ವರ್‌ನಿಂದ ತರಿಸಿಕೊಳ್ಳುತ್ತದೆ. ಕನಿಷ್ಠ 10 ಎಂಬಿಪಿಎಸ್ ಸಾಕೆಂದಿದ್ದರೂ ಶಿಫಾರಸು 50. ನೀವು ಹಾರಾಡುವ ಹೊತ್ತಿನಲ್ಲೇ, ಅಂದರೆ ರಾತ್ರಿ ಎಂಟು-ಒಂಬತ್ತಕ್ಕೆ, ವೇಗ ಅಳೆಯಿರಿ. ಅದು ಕುಸಿದರೆ ಕೆಳಗಿನ ನೆಲ ಮಸುಕಾಗುತ್ತದೆ, ವಿಮಾನ ಲೋಡ್ ಆಗುವುದೂ ತಡ.

ರ‍್ಯಾಮ್ 16 ಜಿಬಿ ಇದ್ದರೆ ನಡೆಯುತ್ತದೆ, 32 ಇದ್ದರೆ ನೆಮ್ಮದಿ.

2020ನ್ನು ಅಳಿಸಬೇಡಿ, ಎರಡೂ ಒಂದೇ ಪಿಸಿಯಲ್ಲಿ ಇರಬಹುದು. ಆಡ್-ಆನ್, ಅಂದರೆ ಹೊರಗಿನಿಂದ ತಂದು ಸೇರಿಸಿದ ವಿಮಾನ ಮುಂತಾದವನ್ನು ಇಡುವ ಕಮ್ಯುನಿಟಿ ಫೋಲ್ಡರ್ ಹೊಸದರಲ್ಲಿ ಬೇರೆ. ಹಳೆಯ ಆಡ್-ಆನ್‌ಗಳನ್ನು ಅದಕ್ಕೆ ಒಂದೊಂದಾಗಿ ಕಾಪಿ ಮಾಡಿ, ಪ್ರತಿ ಸಲ ಹಾರಿಸಿ ನೋಡಿ. ಎಲ್ಲವನ್ನೂ ಒಟ್ಟಿಗೆ ಸುರಿದರೆ ಕೈಕೊಟ್ಟದ್ದು ಯಾವುದೆಂದು ತಿಳಿಯುವುದಿಲ್ಲ. ನಿಮ್ಮ ಅಚ್ಚುಮೆಚ್ಚಿನ ವಿಮಾನ 2024ಕ್ಕೆ ಇನ್ನೂ ಹೊಂದಿಕೊಂಡಿಲ್ಲವಾದರೆ ಕಾಯುವುದೇ ಸರಿ. ಪಿಸಿ ಗೇಮ್ ಪಾಸ್ (ಮೈಕ್ರೋಸಾಫ್ಟ್‌ನ ಆಟಗಳ ಚಂದಾ ಸೇವೆ) ಇದ್ದವರು ಅದರಲ್ಲೇ ಪರೀಕ್ಷಿಸಿ, ಆಮೇಲೆ ಕೊಳ್ಳಿ.