ಹಳೇ ಮಿನಿ ಸ್ಟೀರಿಯೊ ತೆಗೆದು ಸಣ್ಣ ರೂಮಿಗೆ ಹೊಸ ಸೆಟ್ ಕೂರಿಸಿದ್ದು

ನಮ್ಮ ಸೆಟ್ಟು ಒಂದೇ ಸಲ ಕೆಟ್ಟು ನಿಂತಿದ್ದಲ್ಲ, ಒಂದೊಂದಾಗಿ ಕೈಕೊಡ್ತಾ ಬಂತು. ಮೊದಲು ಕ್ಯಾಸೆಟ್ಟು, ಒಳಗಿನ ರಬ್ಬರ್ ಬೆಲ್ಟು ಕರಗಿ ಟಾರ್ ಥರ ಅಂಟಂಟಾಗಿತ್ತು. ಆಮೇಲೆ ಸಿಡಿ. ಅಂಗಡೀಲಿ ಕೊಂಡ ಸಿಡಿ ಓದುತ್ತೆ, ಕಂಪ್ಯೂಟರಲ್ಲಿ ಬರೆದಿದ್ದು ಹಾಕಿದ್ರೆ ‘ನೋ ಡಿಸ್ಕ್’ ಅನ್ನುತ್ತೆ. ಬರೆದ ಸಿಡಿ ಬೆಳಕನ್ನ ಸ್ವಲ್ಪ ಕಮ್ಮಿ ವಾಪಸ್ ಕಳಿಸುತ್ತೆ, ಹಾಗಾಗಿ ಲೇಸರ್ ಸೊರಗಿದಾಗ ಸಾಮಾನ್ಯವಾಗಿ ಮೊದಲು ನಿಲ್ಲೋದು ಅದೇ. ಲೆನ್ಸ್ ಒರೆಸಿದ್ರೆ ಕೆಲವು ಸಲ ಸರಿಹೋಗುತ್ತೆ, ನಮ್ದು ಹೋಗ್ಲಿಲ್ಲ. ಕೊನೆಗೆ ವಾಲ್ಯೂಮ್ ಮುಟ್ಟಿದ್ರೆ ಸಾಕು ಕರಕರ ಅಂದು ಎಡಗಡೆ ಸ್ಪೀಕರ್ ಮಾಯ ಆಗೋಕೆ ಶುರುವಾಯ್ತು.

ಇನ್ನೊಂದು ಅಂಥದ್ದೇ ಮಿನಿ ಸೆಟ್ ತಂದುಬಿಡೋಣ ಅಂತ ಮನೇಲಿ ಎಲ್ಲರ ವಾದ, ನಾನು ಮಾತ್ರ ಒಪ್ಪಲಿಲ್ಲ. ಎಲ್ಲಾ ಒಂದೇ ಡಬ್ಬಿಯೊಳಗಿದ್ರೆ ಒಂದು ಸಣ್ಣ ಭಾಗ ಕೆಟ್ರೂ ಇಡೀ ಡಬ್ಬೀನೇ ದಂಡ. ಅದಕ್ಕೆ ಆಂಪ್ (ಸೌಂಡು ಜೋರು ಮಾಡಿ ಸ್ಪೀಕರಿಗೆ ಕಳಿಸೋ ಆಂಪ್ಲಿಫೈಯರ್) ಬೇರೆ, ಸ್ಪೀಕರ್ ಬೇರೆ, ಹಾಡು ಹಾಕೋ ಪ್ಲೇಯರ್ ಬೇರೆ ಅಂತ ಬಿಡಿಬಿಡಿಯಾಗಿ ಜೋಡಿಸ್ಕೊಂಡೆ. ಜಾಗ ಜಾಸ್ತಿ ಬೇಕಾಗುತ್ತೆ ಅಂತ ಅನಿಸಬಹುದು, ಆದ್ರೆ ಈಗಿನ ಕ್ಲಾಸ್ ಡಿ ಅನ್ನೋ ಬಗೆಯ ಆಂಪ್‌ಗಳು ಅಂಗೈ ಅಗಲ ಇರ್ತವೆ, ಕರೆಂಟ್ ಕಮ್ಮಿ ವೇಸ್ಟ್ ಮಾಡೋದ್ರಿಂದ ಅಷ್ಟಾಗಿ ಬಿಸಿಯಾಗಲ್ಲ, ಬಿಸಿ ಹೊರಹಾಕೋ ದೊಡ್ಡ ಲೋಹದ ಹೀಟ್ ಸಿಂಕೂ ಬೇಡ, ಲ್ಯಾಪ್‌ಟಾಪ್ ಚಾರ್ಜರ್ ಥರದ ಒಂದು ಅಡಾಪ್ಟರ್ ಇರುತ್ತೆ ಅಷ್ಟೇ, ಅದನ್ನ ಮೇಜಿನ ಕೆಳಗೆ ಸರಿಸಿದ್ರೆ ಆಯ್ತು.

ವ್ಯಾಟ್ ವಿಚಾರ. ಹಳೇ ಡಬ್ಬಿ ಮೇಲೆ ಪಿಎಂಪಿಒ ಅಂತ ಸಾವಿರಗಟ್ಟಲೆ ಬರೆದಿರ್ತಾರಲ್ಲ, ಅದು ಬರೀ ಸ್ಟಿಕ್ಕರ್ ಲೆಕ್ಕ, ನೋಡ್ಬೇಕಾಗಿದ್ದು ಆರ್‌ಎಂಎಸ್, ಅಂದ್ರೆ ಒಂದೇ ಸಮ ಕೊಡಬಲ್ಲ ನಿಜವಾದ ವ್ಯಾಟ್. ಅದರ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಟಿಎಚ್‌ಡಿ (ಸೌಂಡು ಎಷ್ಟು ಕೆಡುತ್ತೆ ಅನ್ನೋ ಲೆಕ್ಕ) 10% ಅಂತ ಇದ್ರೆ ಸೌಂಡು ಒಡೆಯೋವರೆಗೂ ಎಳೆದು ಅಳೆದಿದ್ದು ಅಂತ ಅರ್ಥ. ಸಣ್ಣ ಬುಕ್‌ಶೆಲ್ಫ್ ಸ್ಪೀಕರ್‌ಗಳ ಸೆನ್ಸಿಟಿವಿಟಿ ಸಾಮಾನ್ಯವಾಗಿ 85ರಿಂದ 88 ಡೆಸಿಬಲ್ ಇರುತ್ತೆ, ಅಂದ್ರೆ ಒಂದೇ ಒಂದು ವ್ಯಾಟ್ ಕೊಟ್ರೆ ಒಂದು ಮೀಟರ್ ದೂರದಲ್ಲಿ ಅಷ್ಟು ಸೌಂಡು. ಮಾಮೂಲಿ ಮಾತುಕತೆ 60ರ ಆಸುಪಾಸು. ವ್ಯಾಟ್ ಡಬಲ್ ಮಾಡಿದ್ರೂ ಏರೋದು 3 ಡೆಸಿಬಲ್ ಮಾತ್ರ. ಇದು ಗೊತ್ತಿದ್ರೆ 50 ವ್ಯಾಟ್ ಆಂಪ್ ಬಿಟ್ಟು 100 ವ್ಯಾಟಿಂದಕ್ಕೆ ದುಡ್ಡು ಸುರಿಯೋಕೆ ಮನಸ್ಸು ಬರಲ್ಲ, ಸಣ್ಣ ರೂಮಿಗೆ ಚಾನಲ್‌ಗೆ, ಅಂದ್ರೆ ಒಂದೊಂದು ಸ್ಪೀಕರಿಗೆ, 20-30 ನಿಜವಾದ ವ್ಯಾಟ್ ಧಾರಾಳ. ಉಳಿದ ದುಡ್ಡನ್ನ ಸ್ಪೀಕರ್ ಮೇಲೆ ಹಾಕಿ.

ನಾನು ಮೊದಲು ತಂದಿದ್ದು ಆಂಪ್ ಮಾತ್ರ, ಅದನ್ನ ಹಳೇ ಸ್ಪೀಕರ್‌ಗೇ ಜೋಡಿಸಿ ಕೇಳಿದೆ. ಮುಂಚೆ ಸ್ಪೀಕರ್ ಹಿಂದುಗಡೆ ಎಷ್ಟು ಓಮ್ (ಕರೆಂಟಿಗೆ ಅದು ಒಡ್ಡೋ ತಡೆ) ಅಂತ ಬರೆದಿರುತ್ತೆ ನೋಡ್ಕೊಳ್ಳಿ, ಹಳೇ ಸೆಟ್‌ಗಳಲ್ಲಿ 3 ಓಮ್‌ದೂ ಇರ್ತವೆ, ಎಷ್ಟೋ ಆಂಪ್‌ಗಳು 4ಕ್ಕಿಂತ ಕೆಳಗೆ ಒಪ್ಪಲ್ಲ. ನಮ್ದು 6, ತೊಂದರೆ ಇರ್ಲಿಲ್ಲ. ಕರಕರ ಹೋಯ್ತು, ಆದ್ರೆ ಬಾಸ್ ಬಂದಾಗೆಲ್ಲ ಪರಪರ ಸೌಂಡು, ಜಾಲರಿ ತೆಗೆದು ನೋಡಿದ್ರೆ ಕೋನ್ ಸುತ್ತ ಇರೋ ಫೋಮ್ ಬೆರಳು ತಾಗಿಸಿದ್ರೆ ಪುಡಿ. ಆಗ್ಲೇ ಸ್ಪೀಕರ್‌ಗೂ ಬೀಳ್ಕೊಡುಗೆ.

ಹೊಸ ಸ್ಪೀಕರ್ ಆರಿಸುವಾಗ ಬಾಸ್ ತೂತು (ಒಳಗಿನ ಗಾಳಿ ಆಡಿ ಬಾಸ್ ಹೆಚ್ಚಿಸೋ ರಂಧ್ರ) ಎಲ್ಲಿದೆ ಅಂತ ನೋಡಿದೆ. ನಮ್ಮಲ್ಲಿ ಕಪಾಟಿನ ಮೇಲೆ ಗೋಡೆಗೆ ಹತ್ರ ಇಡದೆ ಬೇರೆ ದಾರಿ ಇಲ್ಲ, ತೂತು ಹಿಂದಿದ್ರೆ ಗೋಡೆಗೆ ಅಂಟಿಸಿ ಇಡೋ ಹಾಗಿಲ್ಲ, ಅದಕ್ಕೆ ಮುಂದೆ ತೂತಿರೋದು ತಗೊಂಡೆ, ವೂಫರ್ (ಬಾಸ್ ನುಡಿಸೋ ದೊಡ್ಡ ಕೋನ್) 4 ಇಂಚು. ಮುಂದೆ ತೂತು ಇದ್ದ ಮಾತ್ರಕ್ಕೆ ಗೋಡೆ ಕಾಟ ತಪ್ಪಲ್ಲ, ಗೋಡೆ ಹತ್ರ ಬಾಸ್ ಹೇಗಿದ್ರೂ ಉಬ್ಬುತ್ತೆ, ಮೂಲೇಲಿ ಇನ್ನೂ ಜಾಸ್ತಿ. ಆಂಪಲ್ಲಿ ಬಾಸ್ ಸ್ವಲ್ಪ ಇಳಿಸಿದೆ. ಸ್ಪೀಕರ್ ಕೆಳಗೆ ದಪ್ಪ ಸ್ಪಂಜ್ ಇಟ್ಟ ಮೇಲೆ ಕಪಾಟು ಗುಂಯ್ ಅನ್ನೋದೂ ನಿಂತಿತು. ಟ್ವೀಟರ್ (ಕೀರಲು ಸ್ವರ ನುಡಿಸೋ ಸಣ್ಣ ಭಾಗ) ಕೂತವರ ಕಿವಿ ಎತ್ತರಕ್ಕೆ ಬರ್ಬೇಕು, ಬರದಿದ್ರೆ ಸ್ಪೀಕರನ್ನ ಸ್ವಲ್ಪ ವಾಲಿಸಿ.

ವೈರ್ ಜೋಡಿಸಿದ ಮೇಲೆ ಮಾತಿನ ರೆಕಾರ್ಡಿಂಗ್ ಯಾವುದಾದ್ರೂ ಹಾಕಿ ಎರಡರ ನಡುವೆ ಕೂತು ಕೇಳಿ. ದನಿ ಸರಿಯಾಗಿ ನಡುವಿಂದ ಬರ್ಬೇಕು. ಎಲ್ಲಿಂದ ಬರ್ತಿದೆ ಅಂತಲೇ ತಿಳೀದೆ ಬಾಸ್ ಸಪ್ಪೆ ಆಗಿದ್ರೆ ಒಂದು ಕಡೆ ಕೆಂಪು ಕಪ್ಪು ವೈರ್ ಅದಲು ಬದಲಾಗಿದೆ.

ಸಿಡಿಗೆ ಬೇರೆ ಪ್ಲೇಯರ್ ಕೊಳ್ಳಲಿಲ್ಲ, ಮೂಲೇಲಿ ಬಿದ್ದಿದ್ದ ಡಿವಿಡಿ ಪ್ಲೇಯರನ್ನ ಕೆಂಪು ಬಿಳಿ ವೈರಲ್ಲಿ ಆಂಪ್‌ಗೆ ಹಾಕಿದೆ, ಹಾಡಿನ ಸಿಡಿ ಚೆನ್ನಾಗೇ ಓದುತ್ತೆ, ಟಿವಿ ಆನ್ ಮಾಡೋದೂ ಬೇಡ. ಫೋನ್ ಬ್ಲೂಟೂತಲ್ಲಿ. ಹಳೇ ಡಬ್ಬಿಯ ಎಫ್‌ಎಂ ಮಾತ್ರ ಇನ್ನೂ ಗಟ್ಟಿಯಾಗಿದೆ, ಹಾಗಾಗಿ ಅದರ ಹೆಡ್‌ಫೋನ್ ತೂತಿಂದ ಆಂಪಿನ ಆಕ್ಸ್‌ಗೆ (ಹೊರಗಿನ ಸೌಂಡು ತಗೊಳ್ಳೋ ತೂತು) ಒಂದು ವೈರ್ ಎಳೆದಿದೀನಿ. ಡಬ್ಬಿ ವಾಲ್ಯೂಮ್ ಅರ್ಧಕ್ಕೆ ಇಟ್ಟು ಏರಿಸೋದು ಇಳಿಸೋದು ಎಲ್ಲಾ ಆಂಪಲ್ಲೇ. ಕ್ಯಾಸೆಟ್ ಬೆಲ್ಟ್ ಸಿಕ್ರೆ ಅದೂ ಇದೇ ವೈರಲ್ಲೇ ಬರುತ್ತೆ, ಆದ್ರೆ ಮೊದಲು ಆ ಕರಗಿದ ರಬ್ಬರನ್ನ ಪುಲ್ಲಿಯಿಂದ ಸ್ಪಿರಿಟ್ ಹಾಕಿ ಉಜ್ಜಿ ತೆಗೀಬೇಕು, ಅದು ಕೈಗೆ ಮೆತ್ತಿದ್ರೆ ಬೇಗ ಹೋಗಲ್ಲ ನೋಡಿ, ಗ್ಲೌಸ್ ಹಾಕ್ಕೊಂಡೇ ಕೈ ಹಾಕಿ.