ಸಾವಯವಕ್ಕೆ ಎಲ್ಲಿ ಜಾಸ್ತಿ ದುಡ್ಡು ಕೊಡುತ್ತೇನೆ, ಎಲ್ಲಿ ಕೊಡುವುದಿಲ್ಲ

ನಮ್ಮ ಮನೆಯ ತಿಂಗಳ ಸಾಮಾನಿನಲ್ಲಿ ಸಾವಯವದ್ದು ಅಂತ ಇರುವುದು ಕೆಲವೇ ಪದಾರ್ಥ. ಸೊಪ್ಪು, ಕರಿಬೇವು, ಕೋಸು, ಒಣಮೆಣಸಿನಕಾಯಿ, ಬೆಲ್ಲ. ಉಳಿದದ್ದೆಲ್ಲ ಮಾಮೂಲಿ ದಿನಸಿ ಅಂಗಡಿಯದ್ದೇ. ಎಲ್ಲವನ್ನೂ ಸಾವಯವ ಅಂಗಡಿಯಲ್ಲೇ ಕೊಂಡರೆ ಖರ್ಚು ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತದೆ. ಒಬ್ಬರ ಸಂಬಳದಲ್ಲಿ ನಡೆಯುವ ಮನೆಗೆ ಅದು ಆಗದ ಮಾತು. ಹಾಗಂತ ಸಾವಯವ ಅನ್ನುವುದೆಲ್ಲ ಬರೀ ಬೊಗಳೆ ಅಂತ ತಳ್ಳಿಹಾಕುವ ಮನಸ್ಸೂ ಇರಲಿಲ್ಲ. ಅದಕ್ಕೇ ಒಂದೊಂದೇ ಪದಾರ್ಥ ಹಿಡಿದು ಲೆಕ್ಕ ಹಾಕಿದೆ. ಹೊಲದಲ್ಲಿ ಇದಕ್ಕೆ ಎಷ್ಟು ಔಷಧಿ ಹೊಡೆಯುತ್ತಾರೆ? ಹೊಡೆದದ್ದು ನಮ್ಮ ತಟ್ಟೆವರೆಗೂ ಬರುತ್ತದಾ?

ರಾಗಿಯ ವಿಷಯ ಬೇಗ ಮುಗಿಯಿತು. ಹುಣಸೂರು ಕಡೆ ನಮ್ಮ ತವರಿನ ಹೊಲ ನೋಡಿಕೊಳ್ಳುವ ತಮ್ಮನಿಗೆ ಫೋನ್ ಮಾಡಿದರೆ ನಕ್ಕುಬಿಟ್ಟ. "ರಾಗಿಗೆ ಯಾರಕ್ಕ ಔಷಧಿ ಹೊಡೀತಾರೆ? ಹೊಡೆದ್ರೆ ಗಿಟ್ಟುತ್ತಾ?" ಮೂಟೆ ಗೊಬ್ಬರ, ಅಂದರೆ ರಾಸಾಯನಿಕ ಗೊಬ್ಬರ, ಹಾಕುತ್ತಾರೆ, ನಿಜ. ಆದರೆ ಮಳೆ ನಂಬಿ ಬೆಳೆಯುವ ರಾಗಿ, ಹುರುಳಿಗೆ ಹುಳದ ಔಷಧಿ ಹೊಡೆಯುವುದು ಕಡಿಮೆ. ಸಾವಯವ ರಾಗಿಹಿಟ್ಟು ಅಂತ ಚೀಟಿ ಅಂಟಿಸಿದ ಪ್ಯಾಕೆಟ್ಟಿಗೆ ಹೆಚ್ಚು ದುಡ್ಡು ಕೊಡುವುದನ್ನು ಅಲ್ಲಿಗೇ ಬಿಟ್ಟೆ. ನುಗ್ಗೆಕಾಯಿ, ಹಲಸು, ಬಾಳೆಹೂವು, ತೆಂಗಿನಕಾಯಿ ಕೂಡ ಇದೇ ಸಾಲಿಗೆ ಸೇರುತ್ತವೆ. ತೊಗರಿ ಹಾಗಲ್ಲ. ಕಾಯಿಕೊರಕ ಹುಳಕ್ಕೆ ಕಲಬುರಗಿ ಕಡೆ ಚೆನ್ನಾಗಿಯೇ ಹೊಡೆಯುತ್ತಾರೆ. ಆದರೆ ಕಾಳು ಇರುವುದು ಕಾಯಿಯೊಳಗೆ. ಬೇಳೆ ಮಾಡುವಾಗ ಸಿಪ್ಪೆಯೂ ಹೋಗುತ್ತದೆ. ಹಾಗಾಗಿ ಬೇಳೆಯನ್ನು ಮಾಮೂಲಿಯದ್ದೇ ತರುತ್ತೇನೆ.

ಅಕ್ಕಿಯ ವಿಚಾರದಲ್ಲಿ ಜನ ಎರಡು ಬೇರೆ ಬೇರೆ ಮಾತನ್ನು ಕಲಸಿಬಿಡುತ್ತಾರೆ. ಸಾವಯವ ರಾಜಮುಡಿ ತಿಂದಮೇಲೆ ಹೊಟ್ಟೆ ಹಗುರ, ಸಕ್ಕರೆ ಹತೋಟಿಗೆ ಬಂತು ಅನ್ನುವವರು ಬೇಕಾದಷ್ಟು ಸಿಗುತ್ತಾರೆ. ಇರಬಹುದು. ಆದರೆ ಅವರು ತಿನ್ನುತ್ತಿರುವುದು ಪಾಲಿಶ್ ಕಡಿಮೆ ಮಾಡಿಸಿದ ಅಕ್ಕಿ. ತೌಡು ಉಳಿದರೆ ನಾರು ಉಳಿಯುತ್ತದೆ. ಮೂಟೆ ಗೊಬ್ಬರದಲ್ಲಿ ಬೆಳೆದ ಭತ್ತವನ್ನು ಪಾಲಿಶ್ ಇಲ್ಲದೆ ಮಿಲ್ ಮಾಡಿಸಿದರೂ ಆ ಲಾಭ ಬರುತ್ತದೆ. ಸಾವಯವ ಭತ್ತವನ್ನು ಬೆಳ್ಳಗೆ ಉಜ್ಜಿಸಿದರೆ ಬರುವುದಿಲ್ಲ. ನಾನು ದುಡ್ಡು ಕೊಡುವುದು ತೌಡಿಗೆ, ಚೀಟಿಗಲ್ಲ. ಸಾವಯವ ಬಿಸ್ಕತ್ತು ಅಂತೂ ಬಿಡಿ, ಅದೂ ಮೈದಾ-ಸಕ್ಕರೆಯೇ ಅಲ್ವಾ?

ಪೌಷ್ಟಿಕಾಂಶದ ಬಗ್ಗೆ ದೊಡ್ಡ ದೊಡ್ಡ ಅಧ್ಯಯನಗಳೇ ಒಂದು ಮಾತಿಗೆ ಬಂದಿಲ್ಲ. 2012ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದರು. ವಿಟಮಿನ್ನಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. 2014ರಲ್ಲಿ ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು 343 ಅಧ್ಯಯನಗಳನ್ನು ಜೋಡಿಸಿ, ಸಾವಯವದಲ್ಲಿ ಆಂಟಿಆಕ್ಸಿಡೆಂಟ್ ಜಾಸ್ತಿ, ಕ್ಯಾಡ್ಮಿಯಂ ಅನ್ನುವ ವಿಷಲೋಹ ಕಡಿಮೆ ಅಂದರು. ಕ್ಯಾನ್ಸರ್ ವಿಷಯವೂ ಅಷ್ಟೆ. 2018ರ ಫ್ರಾನ್ಸಿನ ಅಧ್ಯಯನದಲ್ಲಿ ಸಾವಯವ ಹೆಚ್ಚು ತಿನ್ನುವವರಲ್ಲಿ ಕ್ಯಾನ್ಸರ್ ಕಡಿಮೆ ಕಂಡಿತು. ಅದಕ್ಕೂ ಮೊದಲು, 2014ರಲ್ಲಿ, ಬ್ರಿಟನ್ನಿನ 6 ಲಕ್ಷಕ್ಕೂ ಹೆಚ್ಚು ಹೆಂಗಸರ ಅಧ್ಯಯನದಲ್ಲಿ ಒಟ್ಟಾರೆ ಕ್ಯಾನ್ಸರ್ ಕಡಿಮೆ ಆದದ್ದು ಕಾಣಲಿಲ್ಲ. ದುಬಾರಿ ತರಕಾರಿ ಕೊಳ್ಳುವವರು ವಾಕಿಂಗ್ ಹೋಗುವವರೂ, ಸಿಗರೇಟು ಮುಟ್ಟದವರೂ ಆಗಿರುವುದೇ ಜಾಸ್ತಿ. ಯಾವುದರಿಂದ ಆರೋಗ್ಯ ಬಂತು ಅಂತ ಬಿಡಿಸಿ ಹೇಳುವುದು ಕಷ್ಟ. ಎರಡೂ ಕಡೆಯವರು ಒಪ್ಪುವ ಮಾತು ಒಂದಿದೆ: ಸಾವಯವದಲ್ಲಿ ಕೀಟನಾಶಕದ ಶೇಷ ಕಡಿಮೆ. ಅದಕ್ಕೇ ನಾನು ಆ ಒಂದನ್ನೇ ಹಿಡಿದುಕೊಂಡೆ.

ಎಲೆಕೋಸು, ಹೂಕೋಸಿಗೆ ವಜ್ರಬೆನ್ನಿನ ಪತಂಗ ಅಂತ ಒಂದು ಪೀಡೆ. ಬಿಸಿಲು ಏರಿದಂತೆ ಜಾಸ್ತಿಯಾಗುತ್ತದೆ. ಕಟಾವಿನವರೆಗೂ ಮತ್ತೆ ಮತ್ತೆ ಔಷಧಿ ಹೊಡೆಯುತ್ತಾರೆ. ಹೂಕೋಸಿನ ಸಂದುಗೊಂದಿಯನ್ನು ತೊಳೆಯುವುದಾದರೂ ಹೇಗೆ? ಕರಿಬೇವನ್ನಂತೂ ಕಿತ್ತು ಸೀದಾ ಒಗ್ಗರಣೆಗೆ ಹಾಕುತ್ತೇವೆ. ನಮ್ಮ ದೇಶದ ಕರಿಬೇವು, ಬೆಂಡೆಕಾಯಿಗೆ ಯುರೋಪಿನವರು ಬಂದರಿನಲ್ಲೇ ಹೆಚ್ಚುವರಿ ತಪಾಸಣೆ ಇಟ್ಟದ್ದು ಕೀಟನಾಶಕದ ಶೇಷ ಸಿಕ್ಕಿದ್ದಕ್ಕೇ. ಈಗ ಕರಿಬೇವಿನ ಗಿಡ ಹಿತ್ತಲಲ್ಲೇ ಇದೆ. ಖರ್ಚು ಸೊನ್ನೆ.

ಕೋಸು, ಸೊಪ್ಪು ತರುವುದು ಭಾನುವಾರ ನಂಜನಗೂಡು ಕಡೆಯಿಂದ ಬರುವ ಒಬ್ಬ ಹೆಣ್ಣುಮಗಳ ಹತ್ತಿರ. ಅವಳ ಬಳಿ ಯಾವ ಪ್ರಮಾಣಪತ್ರವೂ ಇಲ್ಲ. ಸಾವಯವನಾ ಅಂತ ಕೇಳಿದರೆ ಯಾರಾದರೂ ಹೌದು ಅಂತಲೇ ಹೇಳುತ್ತಾರೆ. ನಾನು ಕೇಳಿದ್ದು, "ಕೋಸಿಗೆ ಹುಳ ಬಿದ್ರೆ ಏನ್ ಮಾಡ್ತೀಯಮ್ಮ?" ಅಂತ. ಕೋಸಿನ ಸಾಲುಗಳ ಮಧ್ಯೆ ಸಾಸಿವೆ ಬಿತ್ತುತ್ತಾಳಂತೆ. ಪತಂಗ ಸಾಸಿವೆ ಮೇಲೆ ಮೊಟ್ಟೆ ಇಡುತ್ತದೆ, ಕೋಸು ಉಳಿದುಕೊಳ್ಳುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಹೇಳಿಕೊಡುವ ಉಪಾಯ ಇದು. ಜೊತೆಗೆ ಬೇವಿನ ಬೀಜದ ಕಷಾಯ. "ಏಪ್ರಿಲ್‌ನಲ್ಲಿ ಮಾತ್ರ ಕೋಸು ಕೇಳ್ಬೇಡಿ ಅಕ್ಕ, ಹುಳದ ಕಾಟ ತಡೆಯಕ್ಕಾಗಲ್ಲ" ಅಂದಳು. ಆ ಮಾತು ಕೇಳಿದ ಮೇಲೆ ನಂಬಿಕೆ ಬಂತು. ವರ್ಷಪೂರ್ತಿ ಒಂದೇ ಸಮನೆ, ಒಂದು ತೂತೂ ಇಲ್ಲದ ಕೋಸು ಮಾರುವ ಸಾವಯವ ಅಂಗಡಿಯ ಮೇಲೆ ಅಷ್ಟು ನಂಬಿಕೆ ನನಗಿಲ್ಲ.

ಪ್ಯಾಕೆಟ್ಟಿನಲ್ಲಿ ತೆಗೆದುಕೊಳ್ಳುವಾಗ ಸಾವಯವ ಆಹಾರಕ್ಕೆ ಸರ್ಕಾರದ ಜೈವಿಕ್ ಭಾರತ್ ಗುರುತು ಇದೆಯಾ ನೋಡುತ್ತೇನೆ. 2017ರ ನಿಯಮದ ಪ್ರಕಾರ ಪ್ರಮಾಣಪತ್ರ ಇದ್ದವರಿಗೇ ಅದು ಸಿಗುವುದು. ನ್ಯಾಚುರಲ್, ಫಾರ್ಮ್ ಫ್ರೆಶ್ ಅಂತ ಬರೆದಿದ್ದ ಮಾತ್ರಕ್ಕೆ ಅದು ಸಾವಯವ ಅಂತ ಅರ್ಥವಲ್ಲ. ಸಾವಯವ ಅಂದರೆ ಏನೂ ಹೊಡೆಯುವುದಿಲ್ಲ ಅಂತಲೂ ಅಲ್ಲ. ಅಡಿಕೆ ತೋಟದವರು ಬಲ್ಲ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣ, ಸಾವಯವದಲ್ಲೂ ಒಂದು ಮಿತಿಯೊಳಗೆ ನಡೆಯುತ್ತದೆ.

ಒಣಮೆಣಸಿನಕಾಯಿಗೆ ಜಾಸ್ತಿ ಕೊಡುತ್ತೇನೆ ಅಂದರೆ ಓರಗಿತ್ತಿಗೆ ಈಗಲೂ ಆಶ್ಚರ್ಯ. ಮೆಣಸಿನ ಗಿಡಕ್ಕೆ ಥ್ರಿಪ್ಸ್ ನುಸಿಯ ಕಾಟ ವಿಪರೀತ, ಔಷಧಿಯೂ ವಿಪರೀತ. ಹಣ್ಣಾದ ಕಾಯಿ ಕಣದಲ್ಲಿ ಒಣಗಿ ಸೀದಾ ಮೂಟೆ ಸೇರುತ್ತದೆ. ಸಾರಿನ ಪುಡಿಗೆ ಹುರಿಯುವ ಮುಂಚೆ ಅದನ್ನು ಯಾರೂ ತೊಳೆಯುವುದಿಲ್ಲ. ಬಳಸುವುದು ಸ್ವಲ್ಪವೇ ಆದ್ದರಿಂದ ಕಿಲೋಗೆ ಇನ್ನೂರು ರೂಪಾಯಿ ಹೆಚ್ಚಾದರೂ ತಿಂಗಳಿಗೆ ಹಂಚಿದರೆ ಭಾರ ಅನ್ನಿಸುವುದಿಲ್ಲ. ಬೆಲ್ಲದ ಕಾರಣ ಬೇರೆ. ಅಲ್ಲಿ ನೋಡಬೇಕಾದ್ದು ಕಬ್ಬಿನ ಗದ್ದೆಯನ್ನಲ್ಲ, ಆಲೆಮನೆಯನ್ನು. ಬೆಲ್ಲ ಹಳದಿಯಾಗಿ ಹೊಳೆಯಲಿ ಅಂತ ಕುದಿಯುವ ಕೊಪ್ಪರಿಗೆಗೆ ಹೈಡ್ರೋಸ್ ಅನ್ನುವ ರಾಸಾಯನಿಕ ಸುರಿಯುತ್ತಾರೆ. ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ತೆಗೆಯುವವರೂ ಇದ್ದಾರೆ. ಆ ಬೆಲ್ಲ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಮಳೆಗಾಲದಲ್ಲಿ ಬೇಗ ನೀರೊಡೆಯುತ್ತದೆ. ನಮ್ಮ ಮನೆಗೆ ಅದೇ. ಸಕ್ಕರೆ ಕಾಯಿಲೆಯವರಿಗೆ ಎರಡೂ ಒಂದೇ.

ಇಷ್ಟೆಲ್ಲ ಆದರೂ ಶೇಷದಿಂದ ತಿನ್ನುವವರಿಗಾಗುವುದಕ್ಕಿಂತ ಹೊಡೆಯುವವರಿಗೆ ಆಗುವುದು ಹೆಚ್ಚು ಅಂತಲೇ ನನ್ನ ಅಭಿಪ್ರಾಯ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದಾಗ ನರಳಿದ್ದು ಗೇರುಬೀಜ ತಿಂದವರಲ್ಲ, ಕಾಸರಗೋಡು, ಬೆಳ್ತಂಗಡಿ ಕಡೆಯ ತೋಟದ ಪಕ್ಕದ ಮನೆಯವರು. ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನೇ ತಡೆದದ್ದು 2011ರಲ್ಲಿ. ಮೂಗಿಗೊಂದು ಟವೆಲ್ ಸುತ್ತಿಕೊಂಡು ಬೆನ್ನಿಗೆ ಡಬ್ಬ ಏರಿಸುವ ಕೂಲಿಯವನಿಗೆ ಸಾವಯವದಿಂದ ಆಗುವ ಲಾಭಕ್ಕೆ ಯಾವ ಅಧ್ಯಯನವೂ ಬೇಕಿಲ್ಲ. ಭಾನುವಾರದ ಸೊಪ್ಪಿಗೆ ಚೌಕಾಸಿ ಮಾಡದೆ ಕೊಡುವುದು ಅದಕ್ಕೂ ಹೌದು.

ಉಳಿದ ತರಕಾರಿಗೆ ಸೋಡಾ ನೀರು. ಲೀಟರಿಗೆ ಎರಡು ಚಮಚ ಅಡುಗೆ ಸೋಡಾ, ಕಾಲು ಗಂಟೆ ನೆನೆಸಿ, ಚೆನ್ನಾಗಿ ತೊಳೆಯುವುದು. 2017ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಸೇಬಿನ ಮೇಲೆ ಪ್ರಯೋಗ ಮಾಡಿದಾಗ ಮೇಲ್ಮೈಯ ಔಷಧಿ ಹೀಗೆ ಹೋಯಿತು. ಸಿಪ್ಪೆಯೊಳಗೆ ಇಳಿದದ್ದು ಹೋಗಲಿಲ್ಲ.

ದ್ರಾಕ್ಷಿಗೆ ಮಾತ್ರ ದಾರಿ ಕಂಡಿಲ್ಲ. ಬೂಜು ರೋಗಕ್ಕೆ ಅದಕ್ಕೆ ಬೀಳುವಷ್ಟು ಔಷಧಿ ಬೇರೆ ಹಣ್ಣಿಗೆ ಬೀಳುವುದು ಅಪರೂಪ. ಸಿಪ್ಪೆ ಸುಲಿಯುವ ಹಾಗಿಲ್ಲ, ಸಾವಯವದ್ದು ಇಲ್ಲಿ ಸಿಗುವುದಿಲ್ಲ. ಮಕ್ಕಳು ಕೇಳುವುದು ಅದನ್ನೇ. ಸೀಸನ್‌ನಲ್ಲಿ ಆಗೊಮ್ಮೆ ಈಗೊಮ್ಮೆ ಅರ್ಧ ಕಿಲೋ ತಂದು, ನೆನೆಸಿ ಕೊಡುತ್ತೇನೆ. ಉಳಿದ ದಿನ ಬಾಳೆಹಣ್ಣು.